ನೆಲಕ್ಕೆ ಹೊಳಪು ಬಂದ ವರ್ಷ

ಬಾಗಿಲಲ್ಲಿ ಅಭ್ಯಾಸಬಲದಿಂದ ಚಪ್ಪಲಿ ಬಿಡಲು ಬಗ್ಗಿದೆ. ಪನ್ನೀರು ಚಿಮುಕಿಸಲು ನಿಲ್ಲಿಸಿದ್ದ ಹುಡುಗಿ, "ಅಯ್ಯೋ ಪರ್ವಾಗಿಲ್ಲ ಆಂಟಿ, ಹಾಕ್ಕೊಂಡೇ ಬನ್ನಿ, ಎಲ್ರೂ ಹಾಕ್ಕೊಂಡೇ ಹೋಗ್ತಿದಾರೆ" ಎಂದಳು. ಹೌದು, ಎಲ್ಲರೂ ಹೋಗುತ್ತಿದ್ದರು. ಬೂಟು, ಹೈ ಹೀಲ್ಸು, ಮಳೆಯ ಕೆಸರು ಮೆತ್ತಿದ ಸ್ಯಾಂಡಲ್ಲು, ಎಲ್ಲಕ್ಕೂ ಸ್ವಾಗತ. ಇದೇ ಬಾಗಿಲಲ್ಲಿ ನಿಂತು "ಚಪ್ಪಲಿ ಆಚೆ!" ಎಂದು ಕೂಗಿ ಕೂಗಿ ನನ್ನ ಅರ್ಧ ಆಯಸ್ಸು ಕಳೆದಿದೆ. ಹಾಗಾಗಿ ನಾನು ಬಿಟ್ಟೇ ಹೋದೆ. ಆ ಹುಡುಗಿ ಪಕ್ಕದವಳ ಮುಖ ನೋಡಿ ನಕ್ಕಳು. ನಗಲಿ.

ಒಳಗೆ ಗೋಡೆಯಿಂದ ಗೋಡೆಗೆ ಕೆಂಪು ಕಾರ್ಪೆಟ್ಟು. ಬರಿಗಾಲಿಗೆ ಅದು ಒದ್ದೊದ್ದೆಯಾಗಿ, ಅಸಹ್ಯವಾಗಿ ತಗುಲಿತು. ಮಲ್ಲಿಗೆ, ಸೆಂಟು, ಹಿಂದಿನ ಅಡುಗೆಮನೆಯಿಂದ ಕರಿದ ಎಣ್ಣೆಯ ಘಾಟು. ಎಡಗಡೆಯ ಕಂಬದ ಹತ್ತಿರ ಕುರ್ಚಿ ಎಳೆದುಕೊಂಡು ಕೂತಾಗ ಅವೆಲ್ಲದರ ಕೆಳಗಿನಿಂದ ಇನ್ನೊಂದು ವಾಸನೆ ಮೂಗಿಗೆ ಬಡಿಯಿತು. ಮಳೆ ಬಿದ್ದ ದಿನ ಹಳೇ ತೇಗವೂ ಡಾಂಬರೂ ಸೇರಿ ಬಿಡುವ ವಾಸನೆ ಅದು. ನನ್ನ ನೆಲ ಇನ್ನೂ ಈ ಕಾರ್ಪೆಟ್ಟಿನ ಕೆಳಗೇ ಇತ್ತು.

ನಾನು ಭರತನಾಟ್ಯದ ಟೀಚರು. ಮನೆ ಜೋಗುಪಾಳ್ಯದಲ್ಲಿ, ಕ್ಲಾಸು ನಡೆಯುತ್ತಿದ್ದದ್ದು ಈ ರಿಚರ್ಡ್ಸ್ ಟೌನಿನ ಹಾಲಿನಲ್ಲಿ. ಬಿಳಿಯರು ಜೋಡಿಜೋಡಿಯಾಗಿ ಕುಣಿಯಲೆಂದು ಕಟ್ಟಿಸಿಕೊಂಡಿದ್ದ ಹಾಲಿದು. ಅವರು ಹೋದಮೇಲೆ ಸುತ್ತಲಿನ ನಿವಾಸಿಗಳ ಸಂಘದ ಕೈಗೆ ಬಂತು. ಕೆಳಗೆ ಟೊಳ್ಳು, ಟೊಳ್ಳಿನ ಮೇಲೆ ತೊಲೆ, ತೊಲೆಯ ಮೇಲೆ ಹಲಗೆ, ಹಲಗೆಯ ಮೇಲೆ ಗೇಣುದ್ದದ ತೇಗದ ತುಂಡುಗಳನ್ನು ಡಾಂಬರಿನಲ್ಲಿ ಅಂಟಿಸಿ ಮೀನಿನ ಮುಳ್ಳಿನ ಹಾಗೆ ಓರೆಯೋರೆಯಾಗಿ ಜೋಡಿಸಿದ್ದರು. ಅದಕ್ಕೆ ಪಾರ್ಕೆ ನೆಲ ಎನ್ನುತ್ತಾರೆಂದು ನನಗೆ ಆಮೇಲೆ ಗೊತ್ತಾಯಿತು. ನಮಗೆ ಅದು ಬರೀ ಮರದ ನೆಲ. ಮಂಡಿ ಅರ್ಧ ಮಡಿಸಿ ಅರಮಂಡಿಯಲ್ಲಿ ಕೂತು ಪಾದ ಅಪ್ಪಳಿಸಿದರೆ ಅದು ಏಟನ್ನು ತಾನು ನುಂಗಿ ಸದ್ದನ್ನು ಮಾತ್ರ ವಾಪಸು ಕೊಡುತ್ತಿತ್ತು. ಕಲ್ಲಿನ ನೆಲ ಹಾಗಲ್ಲ, ಅದು ಏಟನ್ನು ನಿಮ್ಮ ಮಂಡಿಗೇ ಹಿಂದಿರುಗಿಸುತ್ತದೆ. ನಾನು ಕಲ್ಲಿನ ಮೇಲೆ ಕುಣಿದು ಕಲಿತವಳು. ನನ್ನ ಮಂಡಿಗಳನ್ನು ಕೇಳಿ, ಹೇಳುತ್ತವೆ.

ಒಂದು ಮಳೆಗಾಲ ಸೂರು ಸೋರಿತು. ನೀರು ಕುಡಿದ ತುಂಡುಗಳು ಎದ್ದವು, ಡಾಂಬರು ಬಿಟ್ಟವು. ಮಕ್ಕಳು ಹೆಜ್ಜೆ ಹಾಕಿದರೆ ಕಟಕಟ ಎಂದು ಹಲ್ಲು ಕಡಿಯುವ ಸದ್ದು. ಯಾವಳದೋ ಹೆಬ್ಬೆರಳಿನ ಉಗುರು ಎದ್ದಿತು, ಇನ್ಯಾವಳದೋ ಅಂಗಾಲಿಗೆ ಸಿಬಿರು ಹೊಕ್ಕಿತು. ಸಂಘದವರು ಮೀಟಿಂಗು ಕರೆದರು. ಕಾರ್ಯದರ್ಶಿ ಗೋವಿಂದರಾಜು ಅವರದು ಒಂದೇ ಮಾತು: ಕಿತ್ತು ಬಿಸಾಕಿ ಟೈಲ್ಸ್ ಹಾಕೋಣ.

ಗೋವಿಂದರಾಜು ಕಗ್ಗದಾಸಪುರದ ಹಳೇ ರೈತ ಮನೆತನದವರು. ಅವರಜ್ಜ ರಾಗಿ ಬೆಳೆದ ಹೊಲದ ಮೇಲೆ ಈಗ ಅವರದೇ ಅಪಾರ್ಟ್‌ಮೆಂಟುಗಳಿವೆ. ರಿಚರ್ಡ್ಸ್ ಟೌನಿಗೆ ಬಂದು ಬಂಗಲೆ ಕೊಂಡು ಸಂಘ ಸೇರಿದ್ದರು. ಕೆಟ್ಟ ಮನುಷ್ಯ ಅಂತ ನಾನು ಹೇಳಲಾರೆ. ಹೇಳಲು ಆಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

"ಮೇಡಂ, ನಾನು ಸಗಣಿ ಸಾರಿಸಿದ ನೆಲದಲ್ಲಿ ಬೆಳೆದೋನು. ನಮ್ಮವ್ವ ದಿನಾ ಬೆಳಿಗ್ಗೆ ಸೊಂಟ ಮುರ್ಕೊಂಡು ಸಾರಿಸೋಳು, ಸಾಯಂಕಾಲಕ್ಕೆ ಮತ್ತೆ ಧೂಳು. ನೆಲ ಅಂದ್ರೆ ಪಳಪಳ ಹೊಳೀಬೇಕು ನೋಡಿ, ಮುಖ ಕಾಣ್ಬೇಕು" ಎಂದರು.

"ಮುಖ ನೋಡ್ಕೊಳ್ಳೋಕೆ ಮನೇಲಿ ಕನ್ನಡಿ ಇದೆ ಸಾರ್. ಇಲ್ಲಿ ನನ್ನ ಮಕ್ಕಳು ಕಾಲು ಊರ್ಬೇಕು" ಎಂದೆ. ಸುತ್ತ ಕೂತವರು ಕೆಮ್ಮಿದರು. ನನ್ನ ಬಾಯಿಯ ಮೇಲೆ ಹಿಡಿತವಿಲ್ಲವೆಂದು ಸಂಘಕ್ಕೆಲ್ಲ ಗೊತ್ತಿದ್ದದ್ದೇ.

ಜಗಳವಾಡಿ, ಕಣ್ಣೀರು ಹಾಕಿ, ಮತ್ತೆ ಜಗಳವಾಡಿ ಕೊನೆಗೆ ಒಪ್ಪಿಸಿದೆ. ಸಾಮಾನು ಅವರು ತರಿಸಿಕೊಡುವುದು, ಮೈಮುರಿಯುವ ಕೆಲಸ ನಾವು ಮಾಡುವುದು, ಒಬ್ಬ ಕಸುಬುದಾರ ನಿಂತು ಮಾಡಿಸುವುದು. ನನಗೆ ಆತುರವೂ ಇತ್ತು. ಆ ವರ್ಷ ರೇವತಿಯ ರಂಗಪ್ರವೇಶ ಆಗಬೇಕಿತ್ತು.

ರೇವತಿ ಹಲಸೂರಿನ ಹುಡುಗಿ. ಅವಳ ತಾಯಿ ಸೆಲ್ವಿ ಮಾರ್ಕೆಟ್ಟಿನ ಪಕ್ಕ ಇಡ್ಲಿ ಅಂಗಡಿ ಇಟ್ಟಿದ್ದಳು. ಏಳು ವರ್ಷದ ಮಗುವನ್ನು ಕೈಹಿಡಿದು ಕರೆತಂದು, "ಮಿಸ್, ಇದು ಮನೇಲಿ ನಿಂತ್ಕೊಳ್ಳಲ್ಲ, ಕುಣೀತಾನೇ ಇರ್ತದೆ" ಎಂದು ನನ್ನ ಮುಂದೆ ನಿಲ್ಲಿಸಿದ್ದಳು. ಆ ಮಗು ನನ್ನ ಕಣ್ಣೆದುರೇ ಬೆಳೆದು ಕಾಲೇಜು ಹುಡುಗಿಯಾಯಿತು. ನಾನು ಎಷ್ಟೋ ಮಕ್ಕಳಿಗೆ ಕಲಿಸಿದ್ದೇನೆ, ಬಹುಪಾಲು ಅಮ್ಮಂದಿರ ಆಸೆಗೆ ಬಂದವರು. ತಾಳ ತಪ್ಪಿದರೆ ತಾನೇ ನಾಚಿ ಕಚ್ಚಿಕೊಳ್ಳುವ ತುಟಿ ಇವಳೊಬ್ಬಳದು. ದೊಡ್ಡ ಸಭಾಂಗಣದ ಬಾಡಿಗೆ ಸೆಲ್ವಿಗೆ ಆಗುವ ಮಾತಲ್ಲ. ಹಾಗಾಗಿ ಇದೇ ಹಾಲು, ಇದೇ ನೆಲ, ಆಷಾಢ ಶುರುವಾಗುವುದರೊಳಗೆ ಎಂದು ನಿಶ್ಚಯವಾಗಿತ್ತು.

ಶಿವಾಜಿನಗರದ ನಯಾಜ್ ಭಾಯಿ ಬಂದರು. ಹಳೇ ಬಂಗಲೆಗಳ ಮರದ ಕೆಲಸಕ್ಕೆ ಹೆಸರಾದ ಬಡಗಿ. ಅಂಗಡಿಯ ಮುಂದೆ ಎದೆ ಉಬ್ಬಿಸಿ ನಿಲ್ಲುವ ಭಂಗಿಯಲ್ಲೇ ಹಾಲಿನ ನಡುವೆ ನಿಂತು, ಒಂದು ತುಂಡನ್ನು ಎಬ್ಬಿಸಿ ಮೂಸಿ, "ಬರ್ಮಾ ತೇಗ ಮೇಡಂ! ಈಗ ಹುಡುಕಿದ್ರೂ ಸಿಗಲ್ಲ. ಇಂಥದ್ದಕ್ಕೆ ಕೈ ಹಾಕೋಕೆ ಬೆಂಗ್ಳೂರಲ್ಲಿ ಉಳಿದಿರೋದು ನಾನೊಬ್ಬನೇ" ಎಂದರು. ಹೀಗೆ ಹೇಳುವವರನ್ನು ನಾನು ನಾಟ್ಯದಲ್ಲೂ ಬೇಕಾದಷ್ಟು ನೋಡಿದ್ದೆ. ಆದರೆ ಕೈ ಮಾತ್ರ ಸುಳ್ಳು ಹೇಳುತ್ತಿರಲಿಲ್ಲ, ಒಪ್ಪಬೇಕು.

ಆ ಬೇಸಿಗೆ ಪೂರ್ತಿ ನಾವು ಕುಣಿಯಲಿಲ್ಲ. ನೆಲದ ಮೇಲೆ ಕೂತೆವು. ಎಬ್ಬಿಸಿದ ಪ್ರತಿ ತುಂಡಿನ ಮೇಲ್ಮೈಗೂ ಸಾಲಿನ ನಂಬರು, ಜಾಗದ ನಂಬರು ಸೀಮೆಸುಣ್ಣದಲ್ಲಿ ಬರೆಯಬೇಕು. ಅದು ವಾಪಸು ಅದೇ ಜಾಗಕ್ಕೆ, ಅದೇ ಅಕ್ಕಪಕ್ಕದವರ ನಡುವೆ ಹೋಗಬೇಕು. "ಇಷ್ಟು ವರ್ಷ ಒತ್ಕೊಂಡು ಕೂತಿರೋರನ್ನ ಬೇರೆ ಮಾಡಿದ್ರೆ ಹೊಂದ್ಕೊಳ್ಳಲ್ಲ" ಎನ್ನುತ್ತಿದ್ದರು ಭಾಯಿ. ಬೆನ್ನಿನ ಹಳೇ ಡಾಂಬರು ಬಿಡಿಸಲು ಅವರು ತಂದಿದ್ದು ಇದ್ದಿಲಿನ ಇಸ್ತ್ರಿಪೆಟ್ಟಿಗೆ. ಕಾದ ಪೆಟ್ಟಿಗೆಯನ್ನು ತುಂಡಿನ ಮೇಲೆ ಒಂದಿಷ್ಟು ಹೊತ್ತು ಇಟ್ಟರೆ ಡಾಂಬರು ಮೆತ್ತಗಾಗಿ ಹೊಗೆಯಾಡುತ್ತಿತ್ತು. ಆಗ ಚಾಕುವಿನಿಂದ ಕೆರೆದು ತೆಗೆಯಬೇಕು. ಹಾಲಿನ ತುಂಬ ಹೊಗೆ, ಕಿಟಕಿಯಾಚೆ ಸುಡುಬಿಸಿಲು, ಮಕ್ಕಳ ಕೈಯೆಲ್ಲ ಕಪ್ಪು. ಸೆಲ್ವಿ ಬೆಳಗಿನ ಇಡ್ಲಿ ವ್ಯಾಪಾರ ಮುಗಿಸಿ ಬಂದು ಸೆರಗು ಸಿಕ್ಕಿಸಿ ಕೂತರೆ ನಾಲ್ಕು ಹುಡುಗಿಯರ ಕೆಲಸ ಒಬ್ಬಳೇ ಮಾಡುತ್ತಿದ್ದಳು. "ಮಿಸ್, ನನ್ನ ಇಡ್ಲಿ ಒಲೆಗಿಂತ ಈ ಹೊಗೆ ಎಷ್ಟೋ ವಾಸಿ" ಎಂದು ನಗುತ್ತಿದ್ದಳು.

ನಡುವೆ ರಂಜಾನ್ ಬಂತು. ಉಪವಾಸದ ದಿನಗಳಲ್ಲಿ ನಯಾಜ್ ಭಾಯಿಗೆ ಮಧ್ಯಾಹ್ನದ ಮೇಲೆ ಮೂಗಿನ ತುದಿಯಲ್ಲಿ ಕೋಪ. ಅವರೆದುರು ಟೀ ಕುಡಿಯಲು ನಾಚಿ ನಾವು ಹಿಂದಿನ ಹುಣಸೆಮರದ ಕೆಳಗೆ ಕಳ್ಳರ ಹಾಗೆ ಕುಡಿದು ಬರುತ್ತಿದ್ದೆವು. ಒಂದು ದಿನ ಅವರಿಗೆ ಗೊತ್ತಾಗಿ, "ಕೈಕು ಛುಪಾತೀಂ? ನಿಮ್ಮ ಟೀ ನೀವು ಕುಡೀರಿ, ಆದ್ರೆ ನಂಬರ್ ಮಾತ್ರ ತಪ್ಪು ಬರೀಬೇಡಿ!" ಎಂದು ಸಿಡುಕಿದರು. ಹುಡುಗಿಯರು ಬಾಯಿ ಮುಚ್ಚಿಕೊಂಡು ನಕ್ಕರು. ಈಗ ನೆನೆದರೆ ಹೊಟ್ಟೆ ಉರಿಯುತ್ತದೆ, ಯಾಕೆಂದರೆ ಅಷ್ಟು ಸಂತೋಷವಾಗಿ ನಾನು ಆಮೇಲೆ ಯಾವ ಬೇಸಿಗೆಯಲ್ಲೂ ಇರಲಿಲ್ಲ.

ಹಾಲಿನ ಮುಂಭಾಗದಲ್ಲಿ, ನಾನು ಕೂತು ತಾಳ ತಟ್ಟುವ ಮಣೆಯ ಎದುರು, ಒಂದು ಜಾಗ ಸವೆದು ಸ್ವಲ್ಪ ತಗ್ಗಾಗಿತ್ತು. ಮೊದಲ ಸಾಲಿನ ಮಧ್ಯೆ ನಿಲ್ಲುವವಳ ಜಾಗ ಅದು. ಒಬ್ಬಳಾದ ಮೇಲೆ ಒಬ್ಬಳು ಅಲ್ಲಿ ನಿಂತಿದ್ದರು, ಈಗ ರೇವತಿ. ಅದನ್ನು ಹಾಗೇ ಬಿಡಿ ಎಂದೆ. ನಯಾಜ್ ಭಾಯಿ ಒಪ್ಪಲಿಲ್ಲ. "ನಕ್ಕೋ ಮೇಡಂ. ಗುಂಡಿ ಬಿಟ್ಟೋನು ಯಾರು ಅಂತ ನಾಳೆ ನನ್ನನ್ನೇ ಕೇಳ್ತಾರೆ." ತುಂಡುಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಮತ್ತೆ ಅಂಟಿ ಕೂತಮೇಲೆ, ಬಾಡಿಗೆಗೆ ತಂದ ಉಜ್ಜುವ ಯಂತ್ರ ಗರಗರ ಎಂದು ಹಾಲಿಡೀ ತಿರುಗಿತು. ತೇಗದ ಹುಡಿ ನಮ್ಮ ಕೂದಲಿಗೆ, ರೆಪ್ಪೆಗೆ, ಬುತ್ತಿಯ ಮೊಸರನ್ನಕ್ಕೆ ಬಿತ್ತು. ಯಂತ್ರ ಹೋಗದ ಮೂಲೆಗಳನ್ನು ಮಕ್ಕಳು ಸ್ಯಾಂಡ್‌ಪೇಪರು ಹಿಡಿದು ತಿಕ್ಕಿದರು. ನೂರು ವರ್ಷದ ಕೊಳೆ ಹೋಗಿ ಜೇನಿನ ಬಣ್ಣದ ಮರ ಮೇಲೆ ಬಂದಾಗ ರೇವತಿ ಅದರ ಮೇಲೆ ಅಂಗಾತ ಮಲಗಿಬಿಟ್ಟಳು. "ಮಿಸ್, ಬೆಚ್ಚಗಿದೆ!" ಎಂದಳು. ಬೈಯಬೇಕೆಂದುಕೊಂಡವಳು ನಾನೂ ಅಂಗೈ ಊರಿ ನೋಡಿದೆ.

ಉಳಿದದ್ದು ಮೇಲಿನ ಲೇಪ. ಇಲ್ಲಿ ನಾನು ಮೊದಲೇ ಕಡ್ಡಿ ಮುರಿದಂತೆ ಹೇಳಿದ್ದೆ. ವಾರ್ನಿಶ್ ಬೇಡ, ಪಾಲಿಶ್ ಬೇಡ, ಹೊಳಪಿನ ಯಾವ ಮಾಯೆಯೂ ಬೇಡ. ಅಗಸೆ ಎಣ್ಣೆಯನ್ನು ತೆಳ್ಳಗೆ ಉಜ್ಜಿ, ಒರೆಸಿ, ಒಣಗಲು ಬಿಡಿ. ಬರಿಗಾಲಿನಲ್ಲಿ ಕುಣಿಯುವವರ ಅಂಗಾಲು ಬೆವರುತ್ತದೆ, ನುಣುಪು ನೆಲದ ಮೇಲೆ ಬೆವರಿದ ಅಂಗಾಲು ನಿಲ್ಲುವುದಿಲ್ಲ. ನಯಾಜ್ ಭಾಯಿ ಮುಖ ಸಣ್ಣದು ಮಾಡಿಕೊಂಡರು. "ಅರೇ ಮೇಡಂ, ಇಷ್ಟು ಕೆಲ್ಸ ಮಾಡಿ ಮಂಕಾಗಿ ಬಿಡೋದಾ? ಹೊಳಪಿಲ್ದಿದ್ರೆ ನನ್ನ ಕೆಲ್ಸ ಯಾರ ಕಣ್ಣಿಗೆ ಕಾಣುತ್ತೆ?"

"ಕಾಲಿಗೆ ಕಾಣುತ್ತೆ ಭಾಯಿ. ಅಷ್ಟು ಸಾಕು" ಎಂದೆ. ಗೊಣಗುತ್ತಾ ಎಣ್ಣೆ ಹಚ್ಚಿದರು. ಎಷ್ಟು ಚೆನ್ನಾಗಿತ್ತು ಗೊತ್ತೇ? ಮಂಕಲ್ಲ, ಹೊಳಪೂ ಅಲ್ಲ. ಎಣ್ಣೆ ಒಣಗಿದ ದಿನ ಸಂಜೆ ರೇವತಿ ಒಂದು ಜತಿ ಕುಣಿದು ತೋರಿಸಿದಳು. ಪಾದ ಎಲ್ಲಿ ಇಟ್ಟಳೋ ಅಲ್ಲೇ ನಿಂತಿತು. ಸದ್ದು ಹಳೇ ಸದ್ದೇ, ಕಟಕಟ ಮಾತ್ರ ಇಲ್ಲ.

ಅಷ್ಟರಲ್ಲಿ ಕೋಲಾರದಲ್ಲಿ ನಮ್ಮ ದೊಡ್ಡಮ್ಮ ತೀರಿಕೊಂಡರು. ನಾನು ಹೊರಡಬೇಕಾಯಿತು. ಕರ್ಮಗಳೆಲ್ಲ ಮುಗಿಸಿ ವಾಪಸು ಬರುವ ಹೊತ್ತಿಗೆ ರಂಗಪ್ರವೇಶ ಕಣ್ಣೆದುರಿಗಿತ್ತು. ಹಾಲಿನ ಬಾಗಿಲು ತೆಗೆದೆ. ಕೆರೆ ಕಂಡಂತಾಯಿತು. ಚಾವಣಿಯ ಫ್ಯಾನುಗಳೆಲ್ಲ ಕೆಳಗೆ ತಿರುಗುತ್ತಿದ್ದವು.

ಗೋವಿಂದರಾಜು ಮತ್ತು ನಯಾಜ್ ಭಾಯಿ ಇಬ್ಬರೂ ಅಲ್ಲೇ ಇದ್ದರು, ಹೊಸ ಅಳಿಯಂದಿರ ಹಾಗೆ ನಗುತ್ತಾ. "ಸರ್ಪ್ರೈಸ್ ಮೇಡಂ! ಫಾರಿನ್ ಲ್ಯಾಕರು. ನಾನೇ ತರಿಸ್ದೆ. ನೋಡಿ, ಮುಖ ನೋಡ್ಕೊಳ್ಳಿ!" ಎಂದರು ಗೋವಿಂದರಾಜು. ನಿಜಕ್ಕೂ ಕಂಡಿತು ನನ್ನ ಮುಖ, ಬಾಯಿ ತೆರೆದುಕೊಂಡಿದ್ದದ್ದು.

"ಯಾರು ಹೇಳಿದ್ದು ನಿಮಗೆ? ಯಾರನ್ನ ಕೇಳಿ ಹಾಕಿದ್ರಿ?" ಕಿರುಚಿದೆ. ನಯಾಜ್ ಭಾಯಿಯ ಕಡೆ ತಿರುಗಿ, "ಅವರಿಗೆ ಗೊತ್ತಿಲ್ಲ, ನಿಮಗೆ ಗೊತ್ತಿತ್ತಲ್ಲ ಭಾಯಿ!" ಎಂದೆ. ಅವರು ಗಡ್ಡ ಕೆರೆದುಕೊಂಡು, "ಸಾಹೇಬ್ರು ಕೇಳಿದ್ರು, ನಾನು ಹಾಕಿದೆ. ಒಣಗಿದ್ಮೇಲೆ ಸರಿಹೋಗುತ್ತೆ ಮೇಡಂ. ಎಷ್ಟು ಚಂದ ಬಂದಿದೆ ನೋಡಿ ಮೊದ್ಲು" ಎಂದರು. ಆ ಮನುಷ್ಯನ ಕಣ್ಣು ನನ್ನ ಮೇಲಿರಲೇ ಇಲ್ಲ, ನೆಲದ ಮೇಲಿತ್ತು. ತನ್ನ ಕೆಲಸ ಕೊನೆಗೂ ಕಂಡಿತಲ್ಲ ಎಂಬ ಆನಂದ. ಮತ್ತೆ ಉಜ್ಜಿ ತೆಗೆಯಿರಿ ಎಂದು ಬೇಡಿದೆ. ಕಾರ್ಡು ಹಂಚಿ ಆಗಿದೆ, ಶಾಸಕರು ಬರುತ್ತಿದ್ದಾರೆ, ಧೂಳು ಎಬ್ಬಿಸುವ ಸಮಯವೇ ಇದು ಎಂದು ಗೋವಿಂದರಾಜು ಕೈ ಅಲ್ಲಾಡಿಸಿದರು.

ಜಾರುವ ವೇದಿಕೆ ಸಿಕ್ಕಿದಾಗ ನಾವು ನಾಟ್ಯದವರು ಮಾಡಿಕೊಳ್ಳುವ ಒಂದು ಉಪಾಯವಿದೆ. ಅಂಗಡಿಯಿಂದ ಕೋಲಾ ತಂದು, ನೀರು ಬೆರೆಸಿ, ಬಟ್ಟೆ ಅದ್ದಿ ನೆಲ ಒರೆಸುವುದು. ಸಕ್ಕರೆ ಒಣಗಿ ಅಂಟಂಟಾಗುತ್ತದೆ, ಪಾದ ಹಿಡಿದು ನಿಲ್ಲುತ್ತದೆ. ಕಾರ್ಯಕ್ರಮದ ದಿನ ಮಧ್ಯಾಹ್ನ ನಾನೇ ನಿಂತು ಹುಡುಗಿಯರ ಕೈಯಲ್ಲಿ ಪೂರ್ತಿ ನೆಲ ಹಾಗೆ ಒರೆಸಿಸಿದೆ. ರೇವತಿ ನಡೆದು ನೋಡಿ ಹೆಬ್ಬೆರಳೆತ್ತಿದಳು. ಇನ್ನು ಯಾರೂ ಕಾಲಿಡಬಾರದು ಎಂದು ಬಾಗಿಲಲ್ಲಿ ಇಬ್ಬರನ್ನು ಕಾವಲಿಟ್ಟು, ಅವಳಿಗೆ ಅಲಂಕಾರ ಮಾಡಿಸಲು ಹಿಂದಿನ ಕೋಣೆಗೆ ಹೋದೆ.

ಗೋವಿಂದರಾಜು ಪಕ್ಕದ ಬಾಗಿಲಿಂದ ಬಂದರಂತೆ. ಹೊಸ ಬಿಳೀ ಪಂಚೆ ಉಟ್ಟು, ಅತಿಥಿಗಳು ಬರುವ ಮುಂಚೆ ಎಲ್ಲ ಸರಿಯಾಗಿದೆಯೇ ನೋಡಲು. ನೆಲದ ಮೇಲೆ ಮಬ್ಬು ಮಬ್ಬು ಕಲೆ, ಕಾಲಿಟ್ಟರೆ ಅಂಟು, ಕಂಬದ ಬುಡದಲ್ಲಿ ಇರುವೆ ಸಾಲು. ಮಕ್ಕಳು ಜ್ಯೂಸ್ ಚೆಲ್ಲಿದ್ದಾರೆ ಎಂದುಕೊಂಡರು. ಕಾವಲಿದ್ದ ಹುಡುಗಿಯರು "ಅಂಕಲ್, ಬೇಡ, ಮಿಸ್ ಹೇಳಿದಾರೆ" ಎಂದದ್ದಕ್ಕೆ, "ಮಿಸ್‌ಗೆ ನಾನು ಹೇಳ್ತೀನಿ, ನೀವು ಆಟ ಆಡ್ಬೇಡಿ" ಎಂದು ಗದರಿದರಂತೆ. ಕೆಲಸದವರನ್ನು ಕರೆಸಿ, ಮೊದಲು ಸೋಪಿನ ನೀರು, ಆಮೇಲೆ ಹೊಳಪಿನ ದ್ರಾವಣ ಹಾಕಿಸಿ, ಒಣಬಟ್ಟೆಯಲ್ಲಿ ಉಜ್ಜಿಸಿದರು. ಪಂಚೆ ಎತ್ತಿಕಟ್ಟಿ ತಾವೂ ಒಂದು ಮೂಲೆ ಉಜ್ಜಿದರಂತೆ. ಇಷ್ಟನ್ನೂ ನಾನು ಕೇಳಿದ್ದು ಎಲ್ಲ ಮುಗಿದಮೇಲೆ.

ಹೊರಗೆ ಮುಂಗಾರಿನ ಮೊದಲ ಮಳೆ. ಹಾಲು ತುಂಬಿತ್ತು. ರೇವತಿ ಬಂದು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ನಿನ್ನನ್ನು ಕಾಲಿಂದ ಒದೆಯುತ್ತೇನೆ, ಕ್ಷಮಿಸು ಎಂದು ಭೂಮಿಯನ್ನು ಕೇಳಿಕೊಳ್ಳುವ ನಮಸ್ಕಾರ ಅದು. ಶುರುವಿನಲ್ಲೊಮ್ಮೆ, ಮುಗಿದಮೇಲೊಮ್ಮೆ ಮಾಡಬೇಕು. ಮುಟ್ಟಿದ ಬೆರಳನ್ನು ಅವಳು ಒಂದು ಗಳಿಗೆ ಉಜ್ಜಿ ನೋಡಿಕೊಂಡು ನನ್ನ ಕಡೆ ತಿರುಗಿದಳು. ನನಗೆ ಅರ್ಥವಾಗಲಿಲ್ಲ. ಮೊದಲ ಹೆಜ್ಜೆಗೇ ಅವಳ ಹಿಮ್ಮಡಿ ಒಂದಂಗುಲ ಸರಿದದ್ದನ್ನು ಕಂಡಾಗ ಅರ್ಥವಾಯಿತು. ತಾಳ ಹಾಕುತ್ತಲೇ ನಿಲ್ಲಿಸು ಎಂದು ಕಣ್ಣಲ್ಲಿ ಹೇಳಿದೆ. ಅವಳು ಕುಣಿಯುತ್ತಲೇ ಇಲ್ಲ ಎಂದು ತಲೆಯಾಡಿಸಿದಳು. ನೋಡುವವರಿಗೆ ಅದೂ ಅಭಿನಯದ ಹಾಗೆ ಕಂಡಿರಬೇಕು.

ಹೇಗೆ ಕುಣಿದಳು ಆ ಹುಡುಗಿ! ಒಂದೊಂದು ಹೆಜ್ಜೆಯನ್ನೂ ಮೊದಲು ಮುಟ್ಟಿ, ಆಮೇಲೆ ಇಟ್ಟು, ಅದು ಯಾರಿಗೂ ತಿಳಿಯದ ಹಾಗೆ. ಸೆಲ್ವಿ ಮೊದಲ ಸಾಲಿನಲ್ಲಿ ಕೂತು ಎರಡೂ ಕೈ ಕೆನ್ನೆಗೆ ಒತ್ತಿಕೊಂಡಿದ್ದಳು. ಎಲ್ಲವೂ ಮುಗಿದು ತಿಲ್ಲಾನದ ಕಡೆಯ ಸುತ್ತು ಬಂತು. ಅಂಗಾಲು ಬೆವರಿತ್ತು. ಹಾರಿ ಅರಮಂಡಿಗೆ ಇಳಿಯುವ ಜಾಗದಲ್ಲಿ ಎಡಗಾಲು ನಿಂತಿತು, ಬಲಗಾಲು ಹೋಗಿಬಿಟ್ಟಿತು. ಹಸಿ ಸೌದೆ ಮುರಿದ ಹಾಗೆ ಸದ್ದಾಯಿತು. ಬಿದ್ದಮೇಲೂ ಅವಳ ಕೈಯಲ್ಲಿ ಮುದ್ರೆ ಹಾಗೇ ಇತ್ತು. "ಅಯ್ಯೋ ಎನ್ ಪೊಣ್ಣು!" ಎಂದು ಸೆಲ್ವಿ ಎದ್ದು ಓಡಿದಳು. ನೆಲ ಅವಳನ್ನೂ ಜಾರಿಸಿತು.

ಆಸ್ಪತ್ರೆಯ ವರಾಂಡದಲ್ಲಿ ಗೋವಿಂದರಾಜು ನನ್ನ ಪಕ್ಕ ಬಂದು ಕೂತರು. ಅವರ ಕಣ್ಣು ಒದ್ದೆಯಾಗಿತ್ತು. "ಏನಾಗೋಯ್ತು ಮೇಡಂ... ನಾನೇ ನಿಂತು ಕ್ಲೀನ್ ಮಾಡ್ಸಿದ್ನಲ್ಲ, ಒಂದು ಕಲೆ ಇಲ್ದಂಗೆ" ಎಂದರು. ಆಗ ನನಗೆ ಗೊತ್ತಾಗಿದ್ದು. ನನ್ನ ಬಾಯಿಂದ ಆಗ ಬಂದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಆ ಮನುಷ್ಯ ತಲೆ ತಗ್ಗಿಸಿ ಕೇಳಿಸಿಕೊಂಡರು. ಕೇಳಿಸಿಕೊಂಡು, ಪೂರ್ತಿ ಅರ್ಥವಾಗದೆ, "ಕೋಲಾನಾ?" ಎಂದರು.

ರೇವತಿಯ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಕಟ್ಟು ಹರಿದಿತ್ತು. ಶಸ್ತ್ರಚಿಕಿತ್ಸೆಯಾಯಿತು, ನಡೆದಳು, ಮೆಟ್ಟಿಲು ಹತ್ತಿದಳು. ಅರಮಂಡಿ ಕೂರುವುದು ಮಾತ್ರ ಇನ್ನಿಲ್ಲವೆಂದು ಡಾಕ್ಟರು ಹೇಳಿದರು. ಅರಮಂಡಿಯಿಲ್ಲದ ಮೇಲೆ ನಮ್ಮ ನಾಟ್ಯದಲ್ಲಿ ಉಳಿಯುವುದೇನು? ಅವಳು ಅಳಲಿಲ್ಲ. ಗೆಜ್ಜೆಯನ್ನು ಬಟ್ಟೆಯಲ್ಲಿ ಸುತ್ತಿ ನನಗೆ ವಾಪಸು ಕೊಟ್ಟಳು. "ಬೇರೆ ಯಾರಿಗಾದ್ರೂ ಆಗುತ್ತೆ ಮಿಸ್." ನಾನು ಮನೆಗೆ ಬಂದು ಅಡುಗೆಮನೆಯ ಬಾಗಿಲು ಹಾಕಿಕೊಂಡು ಅತ್ತೆ.

ಆಷಾಢದಲ್ಲಿ ಸಂಘದ ಮೀಟಿಂಗು ಸೇರಿತು. ಲೇಪ ತೆಗೆಸಿ ಎಂದು ಕೇಳಲು ಹೋದೆ. ಕಾಫಿ ಕೊಟ್ಟರು, ಅನುಕಂಪ ತೋರಿದರು. ಆಮೇಲೆ ಹೇಳಿದರು: ಇಂಥ ನೆಲದ ಮೇಲೆ ನಾಟ್ಯ ಕ್ಷೇಮವಲ್ಲ, ಮಕ್ಕಳ ಜವಾಬ್ದಾರಿ ಹೊರಲು ಸಂಘಕ್ಕೆ ಆಗುವುದಿಲ್ಲ. ಅಲ್ಲದೆ ಗೆಜ್ಜೆಯ ಮಣಿ ಬಿದ್ದರೆ ಗೀಚುತ್ತದೆ, ಕಾಲು ಅಪ್ಪಳಿಸಿದರೆ ತುಂಡುಗಳು ಮತ್ತೆ ಸಡಿಲವಾಗುತ್ತವೆ. ಇಷ್ಟು ಚಂದ ಮಾಡಿಸಿದ್ದನ್ನು ಕಾಪಾಡಿಕೊಳ್ಳಬೇಡವೇ?

"ಚಂದ ಮಾಡಿದ್ದು ಯಾರು ಸಾರ್?" ಎಂದೆ.

ಗೋವಿಂದರಾಜು ಕೈ ಮುಗಿದರು. "ನೀವೇ ಮೇಡಂ. ನಿಮ್ಮ ಹೆಸ್ರಲ್ಲಿ ಒಂದು ಬೋರ್ಡ್ ಹಾಕಿಸ್ತೀವಿ ಬೇಕಾದ್ರೆ." ಬೋರ್ಡು ಹಾಕಿಸಲೂ ಇಲ್ಲ, ಅದು ಬೇರೆ ಮಾತು. ಟೈಲ್ಸ್ ಹಾಕಿದ್ದರೂ ನನ್ನ ಕ್ಲಾಸು ಅಲ್ಲೇ ನಡೆಯುತ್ತಿತ್ತೋ ಏನೋ. ನೆಲ ಉಳಿಸಿದ್ದಕ್ಕೇ ನನ್ನನ್ನು ಅದರ ಮೇಲಿಂದ ಇಳಿಸಿದರು.

ನಯಾಜ್ ಭಾಯಿ ಹಣ್ಣು ಹಿಡಿದುಕೊಂಡು ರೇವತಿಯ ಮನೆಗೆ ಹೋಗಿದ್ದರಂತೆ. ನನ್ನ ಮನೆಗೂ ಬಂದರು. ಮೆಟ್ಟಿಲ ಮೇಲೆ ನಿಂತೇ, "ಸಾಹೇಬ್ರು ಹ್ಞೂಂ ಅಂದ್ರೆ ನಾಳೆನೇ ಉಜ್ಜಿ ತೆಗೀತೀನಿ ಮೇಡಂ, ನನ್ನ ಕೈಯಾರೆ" ಎಂದರು. ಒಳಗೆ ಕರೆಯಲಿಲ್ಲ ನಾನು. ಈಗಲೂ ಶಿವಾಜಿನಗರದಲ್ಲಿ ಗೆಜ್ಜೆಗೆ ಚರ್ಮದ ಪಟ್ಟಿ ಹೊಲಿಸಲು ಹೋದಾಗ ಅವರ ಅಂಗಡಿ ದಾಟಬೇಕು. "ಸಲಾಂ ಮೇಡಂ" ಎನ್ನುತ್ತಾರೆ, ನಾನು ತಿರುಗುವುದಿಲ್ಲ. ಗೋವಿಂದರಾಜುಗೆ ತಿಳಿದಿರಲಿಲ್ಲ. ಇವರಿಗೆ ತಿಳಿದಿತ್ತು. ದೇವರು ಕ್ಷಮಿಸುವುದಾದರೆ ಕ್ಷಮಿಸಲಿ, ನನ್ನಿಂದ ಆಗಿಲ್ಲ.

ಕ್ಲಾಸು ಜೋಗುಪಾಳ್ಯದ ನಮ್ಮ ಮನೆಯ ತಾರಸಿಗೆ ಬಂತು. ಸಿಮೆಂಟು ನೆಲ, ಮೇಲೆ ತಗಡು. ಮಕ್ಕಳು ಒಬ್ಬೊಬ್ಬರಾಗಿ ಬಿಟ್ಟರು. ಉಳಿದವರಿಗೆ ಮೆಲ್ಲಗೆ ತಟ್ಟಿ ಎಂದು ಹೇಳಿಕೊಡುತ್ತೇನೆ. ಮೆಲ್ಲಗೆ ತಟ್ಟಿ ಎಂದು ಹೇಳುವ ನಾಟ್ಯದ ಟೀಚರು ನಾನೊಬ್ಬಳೇ ಇರಬೇಕು.

ಇವತ್ತು ಅದೇ ಹಾಲಿನಲ್ಲಿ ರೇವತಿಯ ಆರತಕ್ಷತೆ. ಕಾರ್ಡಿನಲ್ಲಿ ಹಾಲಿನ ಹೆಸರು ನೋಡಿ ಹೋಗಬಾರದೆಂದೇ ಇದ್ದೆ. ಸೆಲ್ವಿ ಫೋನು ಮಾಡಿ, "ನೀವು ಬರ್ದೆ ಇದ್ರೆ ಅವಳು ಸ್ಟೇಜಿಂದ ಇಳಿದು ನಿಮ್ಮನೆಗೇ ಬಂದ್ಬಿಡ್ತಾಳೆ ಮಿಸ್" ಎಂದಳು. ಬಂದು ಕಂಬದ ಪಕ್ಕ ಕೂತಿದ್ದೆ. ಗೋವಿಂದರಾಜು ಕಂಡರು, ಕೂದಲೆಲ್ಲ ಬೆಳ್ಳಗಾಗಿದೆ, ಇನ್ನೂ ಅವರೇ ಕಾರ್ಯದರ್ಶಿ. "ನೋಡಿ ಮೇಡಂ, ನೆಲ ಕೆಡಬಾರ್ದು ಅಂತ ಯಾವಾಗ್ಲೂ ಕಾರ್ಪೆಟ್ ಹಾಕ್ಸೇ ಇರ್ತೀವಿ" ಎಂದು ಹೆಮ್ಮೆಯಿಂದ ಹೇಳಿ ಅತಿಥಿಗಳ ಕಡೆ ಹೋದರು.

ಕಾಲಿನ ಬಳಿ ಕಾರ್ಪೆಟ್ಟಿನ ಅಂಚು ಸ್ವಲ್ಪ ಎದ್ದಿತ್ತು. ಹೆಬ್ಬೆರಳಿನಿಂದ ಎತ್ತಿ ನೋಡಿದೆ. ಮೊಳೆಗಳು! ಡೆಕೊರೇಷನ್ನಿನವರು ಕಾರ್ಪೆಟ್ಟನ್ನು ತೇಗಕ್ಕೇ ಮೊಳೆ ಹೊಡೆದು ಬಿಗಿದಿದ್ದರು. ಪಕ್ಕದಲ್ಲಿ ಹಳೇ ಮೊಳೆಗಳ ತೂತು, ಅದರ ಪಕ್ಕ ಇನ್ನೂ ಹಳೆಯವು, ಒಂದೊಂದು ಮದುವೆಗೂ ಒಂದೊಂದು ಸಾಲು. ನನ್ನ ಮಕ್ಕಳ ಗೆಜ್ಜೆಯ ಮಣಿ ಗೀಚುತ್ತದೆ ಎಂದಿದ್ದರಲ್ಲ ಇವರು! ಮೈಯೆಲ್ಲ ಉರಿದುಹೋಯಿತು.

ಅಷ್ಟರಲ್ಲಿ ರೇವತಿ ಗಂಡನ ಕೈ ಹಿಡಿದು ವೇದಿಕೆಯಿಂದ ಇಳಿದು ನನ್ನ ಹತ್ತಿರವೇ ಬಂದಳು. ರೇಷ್ಮೆ ಸೀರೆ, ಬಲಗಾಲನ್ನು ಸ್ವಲ್ಪ ಹೊರಗೆ ಹಾಕಿ ನಡೆಯುವ ಆ ನಡಿಗೆ. ನನ್ನ ಕಾಲಿಗೆ ಬಗ್ಗಲು ಹೋದವಳನ್ನು ತಡೆದು, "ಊರಲ್ಲಿ ಬೇರೆ ಹಾಲೇ ಸಿಗ್ಲಿಲ್ವೇನೇ ನಿಂಗೆ?" ಎಂದೆ.

"ನಾನೇ ಹಠ ಮಾಡಿದ್ದು ಮಿಸ್" ಎಂದಳು. "ಅವತ್ತು ಕೊನೇ ನಮಸ್ಕಾರ ಮಾಡ್ಲಿಲ್ಲ ಅಲ್ವಾ, ಎತ್ಕೊಂಡು ಹೋಗ್ಬಿಟ್ರು. ಒಂದ್ಸಲ ನೆಲ ಮುಟ್ಟಿ ಮುಗಿಸ್ಬಿಡೋಣ ಅಂತಿತ್ತು. ಬಂದು ನೋಡಿದ್ರೆ ಎಲ್ಲಾ ಮುಚ್ಬಿಟ್ಟಿದಾರೆ."

ನಾನು ಬಗ್ಗಿ ಕಾರ್ಪೆಟ್ಟಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಎಳೆದೆ. ಮೊಳೆಗಳು ಒಂದೊಂದಾಗಿ ಪಟಪಟ ಕಿತ್ತು ಬಂದವು. ಜನ ತಿರುಗಿ ನೋಡಿದರು. "ಆಂಟಿ, ಆಂಟಿ, ಏನ್ಮಾಡ್ತಿದೀರಾ, ಹರಿದೋಗುತ್ತೆ!" ಎಂದು ಡೆಕೊರೇಷನ್ನಿನವನು ಓಡಿ ಬಂದ. "ಹರಿದೋಗ್ಲಿ" ಎಂದೆ. ನನ್ನ ಮುಖ ನೋಡಿ ಅವನು ಅಲ್ಲೇ ನಿಂತ.

ಒಂದು ಚಾಪೆಯಷ್ಟು ಮರ ಹೊರಗೆ ಬಂತು. ಲ್ಯಾಕರು ಎಂದೋ ಸತ್ತಿತ್ತು. ಕುರ್ಚಿಗಳು ಉಜ್ಜಿ, ಕೆಸರು ತಿಕ್ಕಿ, ಕಾರ್ಪೆಟ್ಟಿನ ಒದ್ದೆ ಕುಡಿದು, ಹೊಳಪೆಲ್ಲ ಸುಲಿದುಹೋಗಿ ಬರೀ ಮಂಕು ತೇಗ ಉಳಿದಿತ್ತು. ರೇವತಿಯನ್ನು ನನ್ನ ಕುರ್ಚಿಯಲ್ಲಿ ಕೂರಿಸಿದೆ. ಅವಳು ಸೊಂಟದಿಂದ ಬಗ್ಗಿ ಬೆರಳು ಚಾಚಿ ಮುಟ್ಟಿದಳು. ಕಣ್ಣಿಗೊತ್ತಿಕೊಂಡಳು. ಆಮೇಲೆ ಏನೋ ಅನುಮಾನ ಬಂದವಳ ಹಾಗೆ ಚಪ್ಪಲಿ ಕಳಚಿ, ಬಲಪಾದವನ್ನು ಮರದ ಮೇಲೆ ಇಟ್ಟು, ಒತ್ತಿ, ಮೆಲ್ಲಗೆ ಮುಂದಕ್ಕೆ ತಳ್ಳಿ ನೋಡಿದಳು. ಪಾದ ಇಟ್ಟಲ್ಲೇ ನಿಂತಿತು.

"ಮಿಸ್," ಎಂದಳು, "ಈಗ ಜಾರಲ್ಲ."